ಅಪ್ಪನ ರೇಡಿಯೋಗೆ ಬ್ಲೂಟೂತ್

ರೇಡಿಯೋ ರಿಪೇರಿಯವನು ನನ್ನನ್ನು ನೋಡಿ ನಕ್ಕ ತಕ್ಷಣವೇ ನನಗೆ ಅವನ ಮೇಲೆ ಅನುಮಾನ ಬಂತು. "ಬನ್ನಿ ಸಾ, ಕೂತ್ಕಳಿ ಸಾ, ಟೀ ತರುಸ್ಲಾ ಸಾ" ಅಂತ ಒಂದೇ ಉಸಿರಿನಲ್ಲಿ ಅಂದ. ಅತಿ ವಿನಯಂ ಧೂರ್ತ ಲಕ್ಷಣಂ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ. ಕೊಳ್ಳೇಗಾಲದಿಂದ ಯಳಂದೂರಿನವರೆಗೂ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ ಅಪ್ಪನ ರೇಡಿಯೋವನ್ನು ಅವನ ಮೇಜಿನ ಮೇಲೆ ಇಟ್ಟೆ. ಕೈ ಮಾತ್ರ ತೆಗೆಯಲಿಲ್ಲ.

ಅದು ವಾಲ್ವಿನ ರೇಡಿಯೋ, ಮರದ ಪೆಟ್ಟಿಗೆಯದು. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದಷ್ಟು ಕಾಲವೂ ಮಗ್ಗದ ಪಕ್ಕದ ಗೂಡಿನಲ್ಲಿ ಹಾಡುತ್ತಿತ್ತು. ಮೊಣಕಾಲು ಸೋತ ಮೇಲೆ ಅಪ್ಪ ಮಗ್ಗದ ಕುಳಿಗೆ ಇಳಿಯುವುದು ನಿಂತುಹೋಯಿತು. ಬೀರುವಿನ ಕೀ ನನ್ನ ಕೈಗೆ ಬಂತು, ಅಡುಗೆಮನೆ ನನ್ನ ಹೆಂಡತಿಯದಾಯಿತು, ಟಿವಿ ರಿಮೋಟು ಮಕ್ಕಳದು. ಅಪ್ಪನದು ಅಂತ ಉಳಿದದ್ದು ಈ ರೇಡಿಯೋ ಒಂದೇ. ಅವನನ್ನು ಬಿಟ್ಟರೆ ಬೇರೆ ಯಾರೂ ಅದರ ಗುಂಡಿ ತಿರುಗಿಸುವಂತಿರಲಿಲ್ಲ. ಈಗೀಗ ಅದರಲ್ಲಿ ಬರೀ ಗೊರಗೊರ. ಆ ಗೊರಗೊರವನ್ನೇ ಕೇಳುತ್ತ ಅಪ್ಪ ಕೂತಿರುವುದನ್ನು ನೋಡಿದರೆ ಕರುಳು ಚುರ್ ಅನ್ನುತ್ತಿತ್ತು.

ಬ್ಲೂಟೂತ್ ಹಾಕಿಸಿದರೆ ಫೋನಿನಲ್ಲಿರುವ ಹಾಡೆಲ್ಲ ತಂತಿಯ ಗೊಡವೆಯೇ ಇಲ್ಲದೆ ಅದರಲ್ಲೇ ಕೇಳಬಹುದು ಅಂತ ಹೇಳಿದಾಗ ಅಪ್ಪ ಮೊದಲು ಕೇಳಿದ್ದು, "ಒಳಗಿರೋ ಸಾಮಾನ ಏನ್ ಮಾಡಾನು?" ಅಂತ. ಹಾಗೆ ಕೇಳುವುದಕ್ಕೂ ಕಾರಣವಿತ್ತು. ಹನೂರಿನ ನನ್ನ ಷಡ್ಡಕ ತನ್ನ ಹಳೇ ರೇಡಿಯೋವನ್ನು ಯಾರಿಗೋ ಕೊಟ್ಟು ಹೀಗೆಯೇ ಮಾಡಿಸಿದ್ದ. ವಾಪಸು ಬಂದಾಗ ಪೆಟ್ಟಿಗೆಯೇನೋ ಅದೇ, ಒಳಗೆ ಮಾತ್ರ ಬೆಂಕಿಪೊಟ್ಟಣದಷ್ಟು ಒಂದು ಬೋರ್ಡು, ಅಗ್ಗದ ಒಂದು ಸ್ಪೀಕರು. ಉಳಿದದ್ದೆಲ್ಲ ಮಾಯ! "ನಾನು ಪಕ್ಕದಲ್ಲೇ ಕೂತಿರ್ತೀನಿ, ಕಣ್ಣು ಮಿಟುಕ್ಸಲ್ಲ" ಅಂತ ಮಾತು ಕೊಟ್ಟ ಮೇಲೆ ಅಪ್ಪ "ಊಂ" ಅಂದ.

"ಬುಟ್ಟೋಗಿ ಸಾ, ನಾಳಿದ್ದು ಬಂದು ತಕಂಡೋಗಿ" ಅಂದ ರಿಪೇರಿಯವನು. ನೋಡಿದಿರಾ, ಎಷ್ಟು ಅವಸರ! ನಾನು ಇಲ್ಲೇ ಕೂತಿರುತ್ತೇನೆ ಅಂದೆ. ಅವನು ಭುಜ ಕುಣಿಸಿ ಹಿಂದಿನ ಹಲಗೆ ಬಿಚ್ಚಿದ. ಒಳಗೆಲ್ಲ ಧೂಳು. ಧೂಳಿನ ನಡುವೆ ಏನೋ ಫಳಫಳ ಅನ್ನುತ್ತಿತ್ತು. ಬಗ್ಗಿ ನೋಡಿದರೆ ಒಂದೊಂದು ವಾಲ್ವಿನ ಕುತ್ತಿಗೆಗೂ ಹೊಚ್ಚ ಹೊಸ ಜರಿ ಎಳೆ ಸುತ್ತಿ ಗಂಟು ಹಾಕಿದೆ.

"ಇದ್ಯಾರ್ ಸಾ, ರೇಡಿಯೋಗೆ ತಾಳಿ ಕಟ್ಟವ್ರೆ?"

ಯಾರೆಂದು ನನಗೆ ಗೊತ್ತಾಯಿತು. ರೇಷ್ಮೆ ನೂಲನ್ನು ಬಣ್ಣಕ್ಕೆ ಕೊಡುವಾಗ ಅಪ್ಪ ನೂಲಿನ ಪ್ರತಿ ಲಡಿಗೂ ಗುರುತಿನ ದಾರ ಕಟ್ಟುತ್ತಿದ್ದ. ಒಳ್ಳೆಯದು ಕೊಟ್ಟು ಕಳಪೆ ತೆಗೆದುಕೊಂಡು ಬರಬಾರದಲ್ಲ, ಅದಕ್ಕೆ. ಆ ಗಂಟು ಅವನಿಗಲ್ಲದೆ ಇನ್ನೊಬ್ಬರಿಗೆ ಬರದು. ಇಲ್ಲೂ ಅದೇ ಗಂಟು. ಎಳೆಯ ಮೇಲೆ ಒಂದು ಚೂರೂ ಧೂಳಿಲ್ಲ, ಅಂದರೆ ನಾನು ಪಕ್ಕದಲ್ಲೇ ಕೂತಿರುತ್ತೇನೆ ಅಂತ ಮಾತು ಕೊಟ್ಟ ಮೇಲೆಯೇ ಕಟ್ಟಿದ್ದು. ಹಾಗಾದರೆ ಈ ಗುರುತು ರಿಪೇರಿಯವನಿಗಲ್ಲ, ನನಗೆ! ಕುಂಬಳಕಾಯಿ ಕಳ್ಳ ಅಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ಏನೂ ಕದಿಯದ ನಾನೂ ಮುಟ್ಟಿ ನೋಡಿಕೊಂಡೆ. ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು.

"ಜರಿ ಅಂದ್ರೆ ತಂತಿ ಸಾ. ಎಲ್ಲಾರಾ ತಗುಲ್ಕಂಡು ಕರೆಂಟ್ ಬಂದ್ರೆ ಎಲ್ಲಾ ಸುಟ್ಟೋಯ್ತದೆ. ಕಿತ್ತಾಕ್ಬೇಕು" ಅಂದ ರಿಪೇರಿಯವನು.

ಕಿತ್ತರೆ ಇದು ತನ್ನ ರೇಡಿಯೋ ಅಂತ ಅಪ್ಪ ಸಾಯುವ ತನಕ ನಂಬುವುದಿಲ್ಲ. ಕೀಳದಿದ್ದರೆ ರೇಡಿಯೋ ಹಾಡುವುದಿಲ್ಲ. ಹೆಂಡತಿಗೆ ಫೋನು ಮಾಡಿ, ಅಪ್ಪನಿಗೆ ಕೊಡಿಸಿ ವಿಷಯ ಹೇಳಿದೆ. "ಯಾರೂ ಮುಟ್ಬ್ಯಾಡಿ. ನಾನೇ ಬತ್ತೀನಿ" ಅಂದ.

ಆ ಮೊಣಕಾಲು ಇಟ್ಟುಕೊಂಡು ಬಸ್ಸು ಹತ್ತಿ ಬಂದೇಬಿಟ್ಟ. ನನ್ನ ಮುಖವನ್ನೂ ನೋಡದೆ ಉಗುರಿನಿಂದ ಒಂದೊಂದೇ ಗಂಟು ಬಿಚ್ಚಿ, ಜರಿಯನ್ನು ಟವಲ್ಲಿನ ತುದಿಗೆ ಕಟ್ಟಿಕೊಂಡ.

"ನನ್ನ ಮೇಲೂ ಅನುಮಾನವೇನಪ್ಪಾ?" ಅಂತ ಕೇಳಿಯೇಬಿಟ್ಟೆ.

"ನಮ್ಮಪ್ಪ ಬಣ್ಣಕ್ಕೆ ತಕಂಡೋಗೋವಾಗ್ಲೂ ಗುರುತು ಕಟ್ಟೇ ಕೊಡ್ತಿದ್ದೆ ಕಣ್ಲಾ" ಅಂದ.

ಆಮೇಲೆ ಇಬ್ಬರೂ ಕಾವಲು ಕೂತೆವು. ಟೀ ಲೋಟದ ಅಂಚಿನ ಮೇಲಿಂದಲೇ ರಿಪೇರಿಯವನ ಬೆರಳು ನೋಡುತ್ತ ಕುಡಿದೆವು. "ಇಬ್ರೂ ಇಂಗೆ ನೋಡ್ತಾ ಕೂತ್ರೆ ನನ್ ಕೈ ನಡುಗ್ತದೆ ಸಾ" ಅಂತ ಅವನು ಗೋಗರೆದ. ನಡುಗಲಿ ಬಿಡು ಅಂದುಕೊಂಡೆ. ಪಾಪ, ಅವನು ಒಂದು ಸ್ಕ್ರೂವನ್ನೂ ಜೇಬಿಗೆ ಹಾಕಿಕೊಳ್ಳಲಿಲ್ಲ. ಪೆಟ್ಟಿಗೆಯ ಮೂಲೆಯಲ್ಲಿ ಖಾಲಿಯಿದ್ದ ಜಾಗಕ್ಕೆ ಪುಟ್ಟ ಬೋರ್ಡನ್ನು ಕೂರಿಸಿ, ಹಿಂದೆ ಗ್ರಾಮಫೋನಿಗೆಂದು ಇದ್ದ ತೂತಿಗೆ ತಂತಿ ಜೋಡಿಸಿದ, ಅಷ್ಟೇ. ಸ್ವಿಚ್ಚು ಹಾಕಿದಾಗ ಒಳಗಿನಿಂದ ಒಬ್ಬಳು ಇಂಗ್ಲಿಷಿನಲ್ಲಿ ಏನೋ ಹೇಳಿದಳು.

"ಯಾರ್ಲಾ ಅವ್ಳು?" ಅಪ್ಪ ಎದ್ದು ನಿಂತ. ಫೋನಿಗೆ ಬ್ಲೂಟೂತ್ ಸಿಕ್ಕಿದಾಗ ಆ ಬೋರ್ಡೇ ಹಾಗೆ ಹೇಳುತ್ತದೆ ಅಂತ ಸಮಾಧಾನ ಮಾಡುವಷ್ಟರಲ್ಲಿ ಸಾಕುಸಾಕಾಯಿತು.

ಮನೆಗೆ ತಂದು ಗೂಡಿನಲ್ಲಿಟ್ಟು, ನನ್ನ ಫೋನಿನಿಂದ ಅವನ ಕಾಲದ ಒಂದು ಹಾಡು ಹಾಕಿದೆ. ಅಬ್ಬಾ, ಅದೇ ತುಂಬುದನಿ! ಅಪ್ಪನ ಮುಖ ಅರಳಿತು. ಇಷ್ಟು ದಿನಕ್ಕೆ ಅವನಿಗೆ ಏನೋ ಒಂದು ಮಾಡಿಕೊಟ್ಟೆ ಅಂತ ನನಗೆ ನೆಲವೇ ಕಾಣಲಿಲ್ಲ. ಅದೇ ಖುಷಿಯಲ್ಲಿ ಹಾಲು ತರಲು ಹೊರಟೆ, ಫೋನು ಜೇಬಿನಲ್ಲಿತ್ತು.

ತಿರುಗಿ ಬಂದಾಗ ಮನೆ ನಿಶ್ಶಬ್ದ. "ನಾನೇನೂ ಮುಟ್ನಿಲ್ಲ" ಅಂದ ಅಪ್ಪ. "ನೀ ಬಾಗ್ಲು ದಾಟ್ದೆ, ಅದು ನಿಂತೋಯ್ತು." ಹಾಡು ಇರುವುದು ನನ್ನ ಫೋನಿನಲ್ಲಿ, ಫೋನು ಹತ್ತಿರ ಇದ್ದರೆ ಮಾತ್ರ ಹಾಡುತ್ತದೆ ಅಂತ ಬಿಡಿಸಿ ಹೇಳುತ್ತ ಫೋನು ಒತ್ತಿದೆ. ಹಾಡು ಮತ್ತೆ ಶುರುವಾಯಿತು. ಅಪ್ಪ ಸ್ಟೇಷನ್ನಿನ ಗುಂಡಿಯನ್ನು ಆ ತುದಿಯಿಂದ ಈ ತುದಿಯವರೆಗೂ ತಿರುಗಿಸಿದ. ಮುಳ್ಳು ಓಡಿತು, ಹಾಡು ಮಾತ್ರ ಬದಲಾಗಲಿಲ್ಲ. ಇನ್ನೊಮ್ಮೆ ತಿರುಗಿಸಿ ನೋಡಿ, ಕೈ ತೆಗೆದುಬಿಟ್ಟ.

"ಸಾಮಾನ ಒಂದೂ ಬದ್ಲಾಯಿಸ್ನಿಲ್ಲ ಕಣ್ಲಾ ಅವ್ನು" ಅಂದ. "ಯಜಮಾನನ್ನೇ ಬದ್ಲಾಯಿಸ್ಬುಟ್ಟ."