ಮೂರು ಗಾಲಿಯ ಗಾಡಿ ಮಲಗಿಸಿದ ಚಳಿಗಾಲ

"ಬ್ಯಾಟರಿ ಬಿಚ್ಚಿ ಮನೆಯೊಳಗೆ ಬೆಚ್ಚಗೆ ಇಟ್ಟುಕೊಳ್ಳಿ. ಗಾಡಿಯನ್ನು ಏಪ್ರಿಲ್‌ವರೆಗೆ ಮಲಗಿಸಿಬಿಡಿ" ಎಂದು ಅಂಗಡಿಯ ಮೆಕ್ಯಾನಿಕ್ ಇಂಗ್ಲಿಷಿನಲ್ಲಿ ಹೇಳಿದಾಗ, ನಾನೇ ಏನೋ ತಪ್ಪಾಗಿ ಕೇಳಿಸಿಕೊಂಡೆ ಅಂದುಕೊಂಡೆ. ಅದು 2017ರ ಅಕ್ಟೋಬರ್. ಟೊರಾಂಟೊಗೆ ಬಂದು ನನಗೆ ಎರಡು ವರ್ಷವಾಗಿತ್ತು. ಆ ಬೇಸಿಗೆಯಲ್ಲಷ್ಟೇ ಮೂರು ಗಾಲಿಯ ಪೆಟ್ರೋಲ್ ಸ್ಕೂಟರ್ ಕೊಂಡಿದ್ದೆ. ಮುಂದೊಂದು ಗಾಲಿ, ಹಿಂದೆರಡು. ಹಿಂದಕ್ಕೂ ಚಲಿಸುವಂಥದ್ದು. ಎಳವೆಯಲ್ಲಿ ಪೋಲಿಯೊ ಬಂದು ನನ್ನ ಎಡಗಾಲು ಸೊರಗಿದೆ. ಕಾಲಿಗೆ ಆಸರೆಯ ಕ್ಯಾಲಿಪರ್ ಕಟ್ಟಿಕೊಂಡು ಓಡಾಡುವವಳು ನಾನು. ಧಾರವಾಡದಲ್ಲಿ ಲ್ಯಾಬ್ ಟೆಕ್ನಿಶಿಯನ್ ಆಗಿದ್ದಾಗ ಪಕ್ಕಕ್ಕೆರಡು ಗಾಲಿ ಜೋಡಿಸಿದ ಸ್ಕೂಟರ್ ಓಡಿಸುತ್ತಿದ್ದೆ. ಅಲ್ಲಿ ಗಾಡಿ ಕೆಟ್ಟು ನಿಲ್ಲುತ್ತಿತ್ತೇ ಹೊರತು ಯಾರೂ ಅದನ್ನು ಮಲಗಿಸುತ್ತಿರಲಿಲ್ಲ.

ಇಲ್ಲಿ ಅದಕ್ಕೊಂದು ಶಾಸ್ತ್ರವೇ ಇದೆ. ಆಯಿಲ್ ಬದಲಿಸಬೇಕು. ಟ್ಯಾಂಕಿನಲ್ಲಿ ನೀರು ಕಟ್ಟದಂತೆ ಪೆಟ್ರೋಲ್ ತುಂಬಿಸಿ, ಅದು ಕೆಡದಂತೆ ಒಂದು ದ್ರಾವಣ ಬೆರೆಸಬೇಕು. ಸೈಲೆನ್ಸರ್ ಬಾಯಿಗೆ ಪಾತ್ರೆ ತಿಕ್ಕುವಂಥ ತಂತಿನಾರು ತುರುಕಬೇಕು, ಇಲ್ಲದಿದ್ದರೆ ಇಲಿ ಗೂಡು ಕಟ್ಟುತ್ತದೆ. ಟೈರುಗಳ ಕೆಳಗೆ ಹಲಗೆ ಇಡಬೇಕು. ಎಲ್ಲವನ್ನೂ ಮಾಡಬಲ್ಲೆ ಅನ್ನಿಸಿತು. ಆದರೆ ಮಲಗಿಸುವುದು ಎಲ್ಲಿ? ನಾನಿದ್ದದ್ದು ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯ ಅಪಾರ್ಟ್‌ಮೆಂಟಿನ ಹದಿನೈದನೆಯ ಮಹಡಿಯಲ್ಲಿ. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಓಡದ ಗಾಡಿ ಇಟ್ಟರೆ ಎಳೆದೊಯ್ಯುತ್ತೇವೆ ಎಂದು ಕಟ್ಟಡದ ಆಫೀಸಿನವರು ಹೇಳಿಬಿಟ್ಟರು.

ಕನ್ನಡದವರ ಒಂದು ಕೂಟದಲ್ಲಿ ಪರಿಚಯವಾಗಿದ್ದ ವಸಂತಿ ಅಕ್ಕ ಆಗ ನೆರವಿಗೆ ಬಂದರು. ಉಡುಪಿ ಕಡೆಯ ತುಳು ಮನೆತನ. ಟೊರಾಂಟೊದ ಹೊರಗೆ, ಬೋಲ್ಟನ್‌ನಲ್ಲಿ ಮನೆ. ಗಂಡ ಸದಾನಂದಣ್ಣ ಅಲ್ಲೇ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಆರು ವರ್ಷದ ಮಗಳು ಅನ್ವಿ. "ನಮ್ಮ ಗ್ಯಾರೇಜಲ್ಲಿ ಒಂದು ಮೂಲೆ ಖಾಲಿ ಉಂಟು ಮಾರಾಯ್ತಿ, ತಂದಿಡು" ಎಂದರು. ನವೆಂಬರಿನ ಒಂದು ಒಣ ದಿನ ಹೆದ್ದಾರಿ ತಪ್ಪಿಸಿಕೊಂಡು ಅಷ್ಟು ದೂರ ಓಡಿಸಿಕೊಂಡು ಹೋದೆ. ಬೆರಳುಗಳು ಮರಗಟ್ಟಿದ್ದವು. ಗಾಡಿಗೆ ಹೊದಿಕೆ ಹೊದಿಸಿ, ಬ್ಯಾಟರಿಯನ್ನು ಚೀಲದಲ್ಲಿ ಹಾಕಿಕೊಂಡು ಸದಾನಂದಣ್ಣನ ಕಾರಿನಲ್ಲಿ ವಾಪಸಾದೆ.

ನಂತರದ ದಿನಗಳಲ್ಲಿ ಕಾಲು ಕಳೆದುಕೊಂಡ ಹಾಗಾಯಿತು. ಕೆಲಸಕ್ಕೆ ಹೋಗಲು ಅಂಗವಿಕಲರ ಬಸ್ಸನ್ನು ಮುಂಚಿನ ದಿನವೇ ಹೇಳಿಟ್ಟು, ಬಾಗಿಲಲ್ಲಿ ಕೋಟು ತೊಟ್ಟು ಕಾಯಬೇಕು. ಅದು ಬೇಗ ಬಂದರೂ ಬರಬಹುದು, ತಡವಾದರೂ ಆಗಬಹುದು. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದ ಕಾಲುದಾರಿಯ ಮೇಲೆ ಕ್ಯಾಲಿಪರಿನ ಹೆಜ್ಜೆ ಇಡುವಾಗ ಪ್ರತಿ ಸಲವೂ ಜೀವ ಬಾಯಿಗೆ ಬರುತ್ತಿತ್ತು. ಸಂಜೆ ಮನೆಗೆ ಬಂದರೆ ಟಿವಿಯ ಪಕ್ಕದಲ್ಲಿ ಬ್ಯಾಟರಿ. ಅದರ ಪುಟ್ಟ ಚಾರ್ಜರಿನ ಹಸಿರು ದೀಪ ನೋಡಿದ ಮೇಲೆಯೇ ಚಹಾಕ್ಕೆ ಇಡುತ್ತಿದ್ದೆ. ಏಪ್ರಿಲ್‌ನಲ್ಲಿ ಗಾಡಿ ಏಳದಿದ್ದರೆ? ಇಲ್ಲಿ ನನ್ನ ಸ್ವಂತದ್ದು ಅಂತ ಇದ್ದದ್ದು ಅದೊಂದೇ.

ಜನವರಿಯ ಒಂದು ಶನಿವಾರ ಚಳಿ ಮೈನಸ್ ಇಪ್ಪತ್ತಕ್ಕಿಂತ ಕೆಳಗಿಳಿದಿತ್ತು. ಮಧ್ಯಾಹ್ನ ವಸಂತಿ ಅಕ್ಕನ ಫೋನು ಬಂತು.

"ಗಿರಿಜಾ, ಗ್ಯಾರೇಜಿಂದ ಎಂತದೋ ವಾಸನೆ ಬರ್ತಾ ಉಂಟು. ಅನ್ವಿ ಹೇಳ್ತಾಳೆ, ಗ್ಯಾಸ್ ಸ್ಟೇಶನ್ ಹಾಗೆ ಸ್ಮೆಲ್ ಅಂತ. ಒಮ್ಮೆ ಲೈಟ್ ಹಾಕಿ ನೋಡ್ತೇನೆ, ಆಯ್ತಾ?"

ಗ್ಯಾಸ್ ಸ್ಟೇಶನ್ ಅಂದರೆ ಪೆಟ್ರೋಲ್ ಬಂಕು. ಒಂದು ಕಿಡಿ ಸಾಕಿತ್ತು. "ಬ್ಯಾಡ್ರಿ ಅಕ್ಕಾ, ಸ್ವಿಚ್ ಮುಟ್ಟಬ್ಯಾಡ್ರಿ. ಅನ್ವೀನ್ನ ಕರ್ಕೊಂಡು ಮುಂದಿನ ಬಾಗಿಲದಿಂದ ಹೊರಗ ಹೋಗ್ರಿ ಮೊದಲ. ಹೊರಗ ನಿಂತು ನೈನ್ ಒನ್ ಒನ್‌ಗೆ ಫೋನ್ ಮಾಡ್ರಿ."

"ಅಷ್ಟೆಲ್ಲ ಬೇಕಾ?"

"ಬೇಕ್ರಿ. ಈಗ ಹೋಗ್ರಿ."

ಗ್ಯಾರೇಜಿಗೂ ಒಲೆ ಉರಿಯುವ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಬಾಗಿಲು. ಅನ್ವಿಯ ಕೋಣೆ ಗ್ಯಾರೇಜಿನ ಮೇಲೇ ಇತ್ತು. ನಮ್ಮ ಕಟ್ಟಡದಲ್ಲೇ ಇದ್ದ, ಟ್ಯಾಕ್ಸಿ ಓಡಿಸುವ ಲಾಹೋರಿನ ರಫೀಕ್ ಭಾಯಿಯ ಬಾಗಿಲು ಬಡಿದೆ. ಅವರು ಊಟ ಅರ್ಧಕ್ಕೇ ಬಿಟ್ಟು ಎದ್ದರು. ದಾರಿಯುದ್ದಕ್ಕೂ "ಫಿಕರ್ ಮತ್ ಕರೋ ಬೆಹನ್" ಎಂದು ಸಮಾಧಾನ ಹೇಳುತ್ತಲೇ ಇದ್ದರು. ವಸಂತಿ ಅಕ್ಕನ ಫೋನಿಗೆ ಮತ್ತೆ ಮತ್ತೆ ಹಚ್ಚಿದೆ. ಯಾರೂ ಎತ್ತಲಿಲ್ಲ.

ಅವರ ಬೀದಿಯ ತಿರುವಿನಲ್ಲೇ ಅಗ್ನಿಶಾಮಕದ ಕೆಂಪು ದೀಪಗಳು ಕಂಡವು. ಅಕ್ಕಪಕ್ಕದ ಮನೆಯವರು ಕಿಟಕಿಗಳಲ್ಲಿ ನಿಂತಿದ್ದರು. ವಸಂತಿ ಅಕ್ಕ ಮತ್ತು ಅನ್ವಿ ಪಕ್ಕದ ಮನೆಯವರ ಕಾರಿನಲ್ಲಿ ಹೀಟರ್ ಹಾಕಿಸಿಕೊಂಡು ಕೂತಿದ್ದರು. ಅವಸರದಲ್ಲಿ ಫೋನು ಮನೆಯೊಳಗೇ ಉಳಿದು, ಆ ಮನೆಯವರ ಫೋನಿನಿಂದಲೇ ಕರೆ ಮಾಡಿದ್ದರಂತೆ. ಅವರಿಬ್ಬರ ಮುಖ ನೋಡಿದ ಮೇಲೆಯೇ ನನಗೆ ಉಸಿರು ಬಂತು. ಗ್ಯಾರೇಜಿನ ಬಾಗಿಲು ಮೇಲೆತ್ತಿತ್ತು. ನನ್ನ ಗಾಡಿ ಹೊದಿಕೆಯಿಲ್ಲದೆ ಹೊರಗೆ ಹಿಮದಲ್ಲಿ ನಿಂತಿತ್ತು.

ಪೆಟ್ರೋಲ್ ಹರಿಯುವ ರಬ್ಬರ್ ಕೊಳವೆ ಚಳಿಗೆ ಸೆಟೆದು, ಬಿಗಿಪಟ್ಟಿಯ ಹತ್ತಿರ ಸೀಳಿಹೋಗಿತ್ತು. ಪೆಟ್ರೋಲ್ ಹನಿಹನಿಯಾಗಿ ಸೋರಿ ಹಲಗೆಯ ಕೆಳಗೆ ಹರಡಿತ್ತು. ಅಗ್ನಿಶಾಮಕದವರು ಅದರ ಮೇಲೆ ಹೀರಿಕೊಳ್ಳುವ ಪುಡಿ ಸುರಿದು, ಟ್ಯಾಂಕ್ ಖಾಲಿ ಮಾಡಿ, ಮನೆಯ ಗಾಳಿಯನ್ನು ಅಳತೆ ಮಾಡಿ ನೋಡಿದರು. "ಒಳ್ಳೆಯ ಸಮಯಕ್ಕೆ ಕರೆದಿರಿ" ಎಂದು ಅವರಲ್ಲೊಬ್ಬ ವಸಂತಿ ಅಕ್ಕನಿಗೆ ಹೇಳಿದ.

ಶಿಫ್ಟ್ ಅರ್ಧಕ್ಕೇ ಬಿಟ್ಟು ಸದಾನಂದಣ್ಣ ಬಂದರು. ಅಗ್ನಿಶಾಮಕದವರು ಹೋಗುವವರೆಗೆ ಗ್ಯಾರೇಜಿನ ಬಾಗಿಲಲ್ಲೇ ನಿಂತಿದ್ದರು. ಆಮೇಲೆ ನೆಲ ನೋಡುತ್ತ ಹೇಳಿದರು, "ನಿನ್ನ ಮೇಲೆ ಕೋಪ ಅಲ್ಲ ಗಿರಿಜಾ. ಆದ್ರೆ ಮಗು ಮಲಗುದು ಗ್ಯಾರೇಜಿನ ಮೇಲೆ. ಇನ್ನು ಈ ಗಾಡಿ ಒಳಗೆ ಬರುದು ಬೇಡ."

"ಬ್ಯಾಡ್ರಿ ಅಣ್ಣಾ. ಯಾರನ್ನರ ಹಿಡದು ಒಯ್ಯಸ್ತೀನಿ" ಎಂದೆ. ಒಯ್ಯುವುದು ಎಲ್ಲಿಗೆ ಅಂತ ನನಗೇ ಗೊತ್ತಿರಲಿಲ್ಲ. ಕಾರಿನ ಕಿಟಕಿ ಇಳಿಸಿ ಅನ್ವಿ ಇಂಗ್ಲಿಷಿನಲ್ಲಿ ಕೇಳಿದಳು, "ಆಂಟಿ, ನಿಮ್ಮ ಬೈಕ್ ಸತ್ತುಹೋಯ್ತಾ?"

ಆಮೇಲೆ ಎಷ್ಟೋ ದಿನ ಬೋಲ್ಟನ್ನಿಂದ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ಗಾಡಿ ಅಲ್ಲೇ ಉಳಿದಿತ್ತು; ಅದನ್ನು ಸಾಗಿಸಲು ಟ್ರೇಲರ್ ಇದ್ದವರು ಸಿಗಲಿಲ್ಲ, ಸಿಕ್ಕವರು ಈ ಹಿಮದಲ್ಲಿ ಬರಲು ಒಪ್ಪಲಿಲ್ಲ. ಧಾರವಾಡದಲ್ಲಾಗಿದ್ದರೆ ಓಣಿಯವರು ಕೂಡಿ ಗಾಡಿಯನ್ನು ನೂಕಿಕೊಂಡು ಹೋಗಿ ಯಾರದಾದರೂ ಅಂಗಳದಲ್ಲಿ ನಿಲ್ಲಿಸುತ್ತಿದ್ದರು. ಜಗಳವಾಗಿದ್ದರೂ ಸಂಜೆಗೆ ಯಾರಾದರೊಬ್ಬರು ಬಾಗಿಲಿಗೆ ಬಂದು ಮಾತಾಡಿಸುತ್ತಿದ್ದರು. ಇಲ್ಲಿ ಮುನಿಸು ಕೂಡ ಹಿಮದ ಹಾಗೆ, ಸದ್ದಿಲ್ಲದೆ ಬಿದ್ದು ಹಾಗೇ ಇರುತ್ತದೆ. ಗಾಡಿ ಹೋದರೆ ಹೋಗಲಿ, ಈ ಊರಿನಲ್ಲಿ ನನ್ನನ್ನು 'ಮಾರಾಯ್ತಿ' ಎಂದು ಕರೆಯುವ ಒಂದೇ ಮನೆ ಹೋಯಿತಲ್ಲ ಎಂದು ಕೊರಗಿದೆ.

ಫೆಬ್ರವರಿಯ ಕೊನೆಗೆ ಫೋನ್ ಬಂತು. "ಎಂತ, ನಮ್ಮನ್ನು ಮರೆತೇ ಬಿಟ್ಟೆಯಾ? ಅನ್ವಿಗೆ ಜ್ವರ, ಆಮೇಲೆ ನನಗೂ. ಭಾನುವಾರ ಊಟಕ್ಕೆ ಬಾ. ಪತ್ರೊಡೆ ಮಾಡ್ತೇನೆ, ಫ್ರೋಜನ್ ಕೆಸುವಿನ ಎಲೆ ಸಿಕ್ಕಿದೆ."

ಹೋದೆ, ಹೆದರಿಕೊಂಡೇ. ಊಟಕ್ಕೆ ಮುಂಚೆ ಸದಾನಂದಣ್ಣ ನನ್ನನ್ನು ಹಿತ್ತಲಿಗೆ ಕರೆದರು. ಬೇಲಿಯ ಪಕ್ಕ, ಮನೆಯಿಂದ ದೂರದಲ್ಲಿ ಗಾಡಿ ನಿಂತಿತ್ತು. ಗಾಳಿ ಬೀಸುವ ಕಡೆ ಪ್ಲೈವುಡ್ ನಿಲ್ಲಿಸಿದ್ದರು. ಮೇಲೆ ದಪ್ಪ ತಾಡಪತ್ರಿ, ಸುತ್ತ ಹಗ್ಗ. ನಾನು ನಡೆದು ಬರಲು ಬಾಗಿಲಿನಿಂದ ಅಲ್ಲಿಯವರೆಗೆ ಹಿಮ ಎತ್ತಿ, ದಾರಿಗೆ ಉಪ್ಪು ಚೆಲ್ಲಿದ್ದರು.

"ಸ್ನೋ ಬಿದ್ದಾಗೆಲ್ಲ ಮೇಲಿಂದ ತೆಗೀತೇನೆ. ಸೀಟಿನ ಮೇಲೆ ಭಾರ ಆಗ್ಬಾರ್ದಲ್ಲ" ಎಂದರು. ನಾನು ಸುತ್ತಿದ ಹಗ್ಗವನ್ನು ಮುಟ್ಟಿ ನೋಡಿದೆ. ಅವರೇ ಮತ್ತೆ, "ಪೈಪ್ ಹೊಸತು ಹಾಕ್ಸುವಾ. ಚಳಿ, ಒಳಗೆ ಬಾ" ಎಂದರು.

ಏಪ್ರಿಲ್‌ನಲ್ಲಿ ಹೊಸ ಕೊಳವೆ ಹಾಕಿಸಿ, ಹೊಸ ಪೆಟ್ರೋಲ್ ತುಂಬಿ, ಬ್ಯಾಟರಿ ಜೋಡಿಸಿದೆ. ಮೊದಲ ಸಲ ಬರೀ ಟಿಕ್ ಎಂದಿತು. ಎರಡನೆಯ ಸಲವೂ ಅಷ್ಟೇ. ವಸಂತಿ ಅಕ್ಕ ಕಣ್ಣು ಮುಚ್ಚಿ ನಿಂತಿದ್ದರು. ವೈರಿನ ತುದಿ ಉಜ್ಜಿ ಮತ್ತೆ ಬಿಗಿದೆ. ಆಗ ಕೆಮ್ಮಿ, ಬಿಳಿ ಹೊಗೆಯುಗುಳಿ ಗಾಡಿ ಎದ್ದಿತು. ಅನ್ವಿ ಹಿಂದಿನ ಸೀಟಿಗೆ ಹತ್ತಿ ಕೂತು ಇಳಿಯಲೇ ಇಲ್ಲ.

ಅದರ ಮುಂದಿನ ಚಳಿಗಾಲ ರಜೆ ಹಾಕಿ ಧಾರವಾಡಕ್ಕೆ ಹೋದೆ. ಈ ಸಲ ಟ್ಯಾಂಕ್ ಪೂರ್ತಿ ಬರಿದು ಮಾಡಿ, ಗಾಡಿಯನ್ನು ಮತ್ತೆ ಅದೇ ಹಿತ್ತಲಲ್ಲಿ ಮಲಗಿಸಿದ್ದೆ. ಜನವರಿಯ ಇಳಿಬಿಸಿಲಲ್ಲಿ ಮಾಳಿಗೆಯ ಮೇಲೆ ಕೂತಿದ್ದೆವು. ತಮ್ಮ ಬಸವರಾಜ ಮೆಲ್ಲಗೆ ಮಾತು ತೆಗೆದ.

"ಅಕ್ಕಾ, ಇಲ್ಲೇ ಇದ್ದುಬಿಡು. ಸ್ಕೂಟರ್‌ಗೆ ಗಾಲಿ ನಾ ಹಚ್ಚಿಸಿಕೊಡ್ತೀನಿ. ವರ್ಷಪೂರ್ತಿ ಓಡಿಸಬಹುದು. ಅಲ್ಲಿ ಯಾರ್ ಅದಾರ ನಿನಗ?"

ಬಿಸಿಲು ಬೆನ್ನಿಗೆ ಹಿತವಾಗಿತ್ತು. ಇದ್ದುಬಿಡುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಸದಾನಂದಣ್ಣ ಕಳಿಸಿದ ಒಂದು ಚಿತ್ರ ಫೋನಿಗೆ ಬಂತು. ಅಲ್ಲಿ ಆಗಷ್ಟೇ ಬೆಳಗಾಗುತ್ತಿತ್ತು. ಬೋಲ್ಟನ್ನಿನ ಹಿತ್ತಲು, ಮೊಣಕಾಲೆತ್ತರದ ಹಿಮ, ಬೇಲಿಯ ಪಕ್ಕ ಬೆಳ್ಳಗಿನ ಒಂದು ಗುಡ್ಡೆಯಾಗಿ ನನ್ನ ಗಾಡಿ. ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ ನೋಡಿದೆ. ತಾಡಪತ್ರಿಯ ಒಂದು ಮೂಲೆ ಬಿಚ್ಚಿಕೊಂಡಿತ್ತೋ, ಅದು ಬರೀ ನೆರಳೋ ತಿಳಿಯಲಿಲ್ಲ.

"ಏನಂತಿ ಮತ್ತ?" ಎಂದ ಬಸವರಾಜ.

"ತಡಿಯಪಾ ಒಂದ್ ನಿಮಿಷ" ಎಂದೆ. "ಸದಾನಂದಣ್ಣಗ ಒಂದು ಫೋನ್ ಮಾಡ್ತೀನಿ."