ಕಲ್ಲು ಮೇಡಂ ಕೂಡಿಸಿದ ಕಲ್ಲು

ನನ್ನ ಹೆಂಡತಿಗೆ ವಿಶ್ವವಿದ್ಯಾಲಯದಲ್ಲಿ ಕಲ್ಲು ಮೇಡಂ ಎಂದೇ ಹೆಸರು. ಮನುಷ್ಯ ಎಲ್ಲಿಂದ ಬಂದ, ಮೊದಮೊದಲು ಕೈಯಲ್ಲಿ ಕಲ್ಲು ಹಿಡಿದು ಏನು ಮಾಡಿದ ಎನ್ನುವುದು ಅವಳ ಸಂಶೋಧನೆ. ನಾನು ಹಲ್ಲಿನ ಆಸ್ಪತ್ರೆಗಳಿಗೆ ಕಟ್ಟುಹಲ್ಲು ಮಾಡಿಕೊಡುವವನು. ಅವಳಿಗೆ ಲಕ್ಷಾಂತರ ವರ್ಷ ಹಿಂದಿನವರ ಚಿಂತೆ, ನನಗೆ ನಾಳೆ ಬೆಳಿಗ್ಗೆಯೇ ಹಲ್ಲು ಬೇಕು ಎನ್ನುವವರ ಚಿಂತೆ. ಹೇಗೋ ಸಂಸಾರ ನಡೆದಿದೆ.

ಮದುವೆಯಾದ ಹೊಸದರಲ್ಲಿ ಅವಳು ಒಂದು ಹೊಳೆದಂಡೆಯನ್ನು ಅಗೆಸಿ, ಕಂದು ಕಲ್ಲಿನ ಚಕ್ಕೆಗಳನ್ನು ಮೂಟೆಗಟ್ಟಲೆ ತಂದಳು. ಆದಿಮಾನವರು ಅಲ್ಲಿ ಕೂತು ಆಯುಧ ಮಾಡಿದ್ದಾರೆ, ಇವು ಅದರ ಚೂರುಗಳು ಎಂದು ಅವಳ ವಾದ. ವಿಭಾಗದ ಮುಖ್ಯಸ್ಥರು ಮೂಗು ಮುರಿದರು.

"ಹೊಳೆ ಉರುಳಿಸಿ ಒಡೆದಿರೋ ಕಲ್ಲಮ್ಮ ಇದು. ಇದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಂಡಿದ್ದೀಯ?" ಎಂದರಂತೆ.

ದೊಡ್ಡವರು ಆಡಿದ ಮಾತು ಬೇಗ ಹಬ್ಬುತ್ತದೆ. ಅವಳು ಎಲ್ಲಿಗೆ ಲೇಖನ ಕಳಿಸಿದರೂ ಹೊಳೆಯ ಮಾತೇ ಉತ್ತರವಾಗಿ ಬರುತ್ತಿತ್ತು. ನನಗೆ ಆ ಮನುಷ್ಯನ ಮೇಲೆ ಮೈಯೆಲ್ಲ ಉರಿ. ಇವಳು ಮಾತ್ರ ಅನುಮತಿ ಪಡೆದು, ವಿಭಾಗದ ಉಗ್ರಾಣದಲ್ಲಿದ್ದ ಮೂಟೆಗಳಿಂದ ಚಕ್ಕೆಗಳನ್ನು ಸ್ವಲ್ಪಸ್ವಲ್ಪವಾಗಿ ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿದಳು. ಒಂದೇ ಕಲ್ಲಿನಿಂದ ಎದ್ದ ಚಕ್ಕೆಗಳಾದರೆ ಒಂದಕ್ಕೊಂದು ಕೂಡಲೇಬೇಕು. ಕೂಡಿದರೆ ಯಾವ ಏಟು ಮೊದಲು ಬಿತ್ತು, ಯಾವುದು ಆಮೇಲೆ ಎಂದು ಹೇಳಬಹುದು. ಹೊಳೆ ಹಾಗೆ ಲೆಕ್ಕಾಚಾರವಾಗಿ ಹೊಡೆಯುವುದಿಲ್ಲ.

ಹೇಳುವುದು ಸುಲಭ. ತಿಂಗಳುಗಟ್ಟಲೆ ಒಂದು ಚಕ್ಕೆಗೂ ಜೊತೆ ಸಿಗುತ್ತಿರಲಿಲ್ಲ. ನಾನೂ, ಆಮೇಲೆ ಹುಟ್ಟಿದ ಮಗಳೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದು ಅಭ್ಯಾಸ ಮಾಡಿಕೊಂಡೆವು. ಒಮ್ಮೆ ಅತ್ತೆ ಬಂದು ನೋಡಿ ಗಾಬರಿಯಾದರು.

"ನೀವಾದ್ರೂ ಅವಳಿಗೆ ಒಂದು ಮಾತು ಹೇಳಬಾರದಾ?"

"ನೀವೇ ಹೇಳಿ ನೋಡಿ ಅತ್ತೆ. ಏನಾಯ್ತು ಅಂತ ಆಮೇಲೆ ನನಗೂ ತಿಳಿಸಿ," ಎಂದೆ. ಅತ್ತೆಯೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡರು.

ಮಗಳು ಕಾಲೇಜು ಸೇರುವ ಹೊತ್ತಿಗೆ ಮೇಜಿನ ಮೇಲೆ ಕುಂಬಳಕಾಯಿ ಗಾತ್ರದ ಕಲ್ಲೊಂದು ಎದ್ದು ಕೂತಿತ್ತು. ಸುತ್ತಲೂ ಚಕ್ಕೆಗೆ ಚಕ್ಕೆ ಕೂಡಿತ್ತು, ಆದರೆ ಒಳಗೆ ಪೊಳ್ಳು. ನಡುವಿನ ತುಂಡು ಯಾವುದೋ ಮೂಟೆಯಲ್ಲಿ ತಪ್ಪಿಹೋಗಿದೆ ಎಂದುಕೊಂಡು ಅವಳು ಎಲ್ಲ ಮೂಟೆಗಳನ್ನೂ ಬಿಚ್ಚಿ ಚಕ್ಕೆಗಳನ್ನು ಮತ್ತೆ ತೊಳೆದಳು. ಹಳೆಯ ಗುಂಡಿಗಳನ್ನು ಮತ್ತೆ ಅಗೆಸಿದಳು. ಜಪ್ಪಯ್ಯ ಅಂದರೂ ಸಿಗಲಿಲ್ಲ. ಅಷ್ಟರಲ್ಲಿ ಮುಖ್ಯಸ್ಥರು ನಿವೃತ್ತರಾಗುವ ಮುನ್ನ ಉಗ್ರಾಣ ಖಾಲಿ ಮಾಡಿಸಲು ಹೊರಟರು. ಆ ಮೂಟೆಗಳನ್ನು ಇಡಬೇಕೋ ಹೊಳೆಗೇ ಸುರಿಯಬೇಕೋ ಎನ್ನುವುದು ವಿಭಾಗದ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಸುರಿದರೆ ಅವಳ ಇಷ್ಟು ವರ್ಷದ ಕೆಲಸಕ್ಕೆ ಸಾಕ್ಷಿಯೇ ಉಳಿಯುತ್ತಿರಲಿಲ್ಲ. ಅವಳ ಮುಖ ನೋಡಲಾಗದೆ ನಾನು ಹಲ್ಲುಗಳ ಮುಂದೆ ಹೋಗಿ ಕೂರುತ್ತಿದ್ದೆ.

ಒಂದು ಮಧ್ಯಾಹ್ನ ಬೋಗುಣಿಯಲ್ಲಿ ಚಕ್ಕೆ ತೊಳೆಯುತ್ತಿದ್ದವಳು ಬ್ರಷ್ ಕೆಳಗಿಟ್ಟಳು.

"ರೀ, ನಾನೆಂಥ ದಡ್ಡಿ."

"ಈಗ ಗೊತ್ತಾಯ್ತಾ," ಎಂದೆ.

ಅವಳು ನಗಲಿಲ್ಲ. "ನಡುವಿನ ತುಂಡು ಇಲ್ಲಿ ಇರೋದೇ ಇಲ್ಲ ಕಣ್ರೀ. ಅದನ್ನ ಮಾಡೋಕೇ ತಾನೆ ಸುತ್ತ ಇಷ್ಟು ಒಡೆದಿದ್ದು? ಕೆಲಸ ಮುಗೀತು, ಕೈಲಿ ಹಿಡ್ಕೊಂಡು ಹೋದ್ರು. ನಾನು ಕಸದಲ್ಲಿ ಹುಡುಕ್ತಾ ಕೂತಿದ್ದೀನಿ."

ಹಿಂದಿನವರು ಬಿಟ್ಟುಹೋದದ್ದನ್ನೇ ಹೆಕ್ಕಿ ಹೆಕ್ಕಿ ಅಭ್ಯಾಸವಾದವರು ಮಾತ್ರ ಮಾಡುವ ತಪ್ಪು ಅದು. ಅವರು ಒಯ್ದದ್ದೂ ಇರುತ್ತದೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು.

"ನಿಮ್ಮ ಹಲ್ಲಿನ ಅಚ್ಚಿನ ಪುಡಿ ಎಷ್ಟಿದೆ?" ಎಂದು ಕೇಳಿದಳು.

ನನ್ನ ಕಸುಬಿನಿಂದ ಅವಳು ಏನನ್ನಾದರೂ ಕೇಳಿದ್ದು ಅದೇ ಮೊದಲು. ಮೇಲಿನ ಒಂದು ಚಕ್ಕೆ ತೆಗೆದು, ಕಲ್ಲಿಗೆ ಕಚ್ಚಿಕೊಳ್ಳದ ಹಾಗೆ ಪೊಳ್ಳಿನೊಳಗೆಲ್ಲ ಸೋಪಿನ ನೀರು ಸವರಿ, ಪುಡಿ ಕಲಸಿ, ಉಸಿರು ಬಿಗಿಹಿಡಿದು ಹೊಯ್ದೆ. ಗಟ್ಟಿಯಾದ ಮೇಲೆ ಅವಳು ಚಕ್ಕೆಗಳನ್ನು ಒಂದೊಂದಾಗಿ ಬಿಡಿಸಿದಳು. ಒಳಗಿಂದ ಬಿಳಿಯದೊಂದು ಕೊಡಲಿಯ ಅಲಗು ಹೊರಬಂತು. ಎರಡೂ ಬದಿ ತಿದ್ದಿದ, ತುದಿ ಚೂಪಾದ ಅಲಗು.

ಸಭೆಗೆ ಯಾರು ಬೇಕಾದರೂ ಬರಬಹುದಿತ್ತು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂತೆ. ಅವಳು ಯಾವ ಏಟು ಎಲ್ಲಿ ಬಿದ್ದಿದೆ ಎಂದು ತೋರಿಸಿ, ಆ ಬಿಳಿ ಅಚ್ಚನ್ನು ಮುಖ್ಯಸ್ಥರ ಕೈಗೆ ಕೊಟ್ಟಳು. ಅವರ ಬೆರಳುಗಳು ತಾವಾಗಿ ಅದರ ಸುತ್ತ ಮಡಚಿಕೊಂಡವು. ಹೆಬ್ಬೆರಳು ಒಂದು ತಗ್ಗಿನಲ್ಲಿ ಹೋಗಿ ಕೂತಿತು. ಎಡಗೈಗೆ ಬದಲಾಯಿಸಿ ನೋಡಿದರು, ಕೂರಲಿಲ್ಲ. ಮತ್ತೆ ಬಲಗೈಗೆ ತೆಗೆದುಕೊಂಡರು. ಬಹಳ ಹೊತ್ತು ಕೆಳಗಿಡಲಿಲ್ಲ.

"ಇದನ್ನ ಯಾರೋ ಮಾಡಿದ್ದಾರೆ," ಎಂದರು ಕೊನೆಗೆ. "ಮೂಟೆಗಳು ಇಲ್ಲೇ ಇರಲಿ. ನನ್ನದು ತಪ್ಪಾಯ್ತಮ್ಮ."

ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಅಷ್ಟು ವರ್ಷ ಅಳದವಳು ಆಗ ಎಲ್ಲರ ಮುಂದೆ ಅತ್ತಳು. ನನ್ನ ಎದೆ ಉಬ್ಬಿ ಅಂಗಿ ಬಿಗಿಯಾಯಿತು.

"ಅವಳು ನನ್ನ ಹೆಂಡತಿ," ಎಂದು ಪಕ್ಕದವರಿಗೆ ಹೇಳಿದೆ. ಅವರು ನನ್ನನ್ನು ಏನೂ ಕೇಳಿರಲಿಲ್ಲ. ಆಮೇಲೆ ಈ ಕಡೆ ತಿರುಗಿ ಇನ್ನೊಬ್ಬರಿಗೂ ಹೇಳಿದೆ.