ಸಂಜೆ ಬಸ್ಸಿಗೆ ಹೋದ ಗೆಲುವು

ನಮ್ಮ ರಾಮದುರ್ಗದ ಸುದ್ದಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗುತ್ತಿದ್ದ ಕಾಲವದು. ಮಕಾನದಾರ ಸರ್ ವರದಿ ಬರೆದು ಲಕೋಟೆಗೆ ಹಾಕಿ ಸಂಜೆ ಬಸ್ಸಿನ ಕಂಡಕ್ಟರನಿಗೆ ಕೊಟ್ಟರೆ ಮರುದಿನ ಪತ್ರಿಕೆಯಲ್ಲಿ ಬರುತ್ತಿತ್ತು. ಕುಸ್ತಿ, ಕಬಡ್ಡಿ ಬಿಟ್ಟರೆ ಬೇರೆ ಆಟ ಗೊತ್ತಿಲ್ಲದ ಊರಿಗೆ ಫುಟ್‌ಬಾಲ್ ತಂದವರೂ ಅವರೇ. ಪ್ರಾಯದಲ್ಲಿ ಬೆಳಗಾವಿಯಲ್ಲಿ ಆಡಿ, ಮೊಣಕಾಲು ಕೆಟ್ಟ ಮೇಲೆ ಊರಿಗೆ ಬಂದು ವರದಿಗಾರರಾಗಿದ್ದರು. ಶಾಲೆ ಬಿಟ್ಟ ಮೇಲೆ ನಮಗೆ ಆಟ ಕಲಿಸುತ್ತಿದ್ದರು.

ಆ ಚಳಿಗಾಲ ಬೈಲಹೊಂಗಲದ ಹುಡುಗರು ಆಡಲು ಬಂದರು. ಹೊಳೆದಂಡೆಯ ಬಯಲು, ಎಲ್ಲಿಂದಲೋ ಹುರಿದ ಶೇಂಗಾದ ವಾಸನೆ. ವಾಸನೆಯನ್ನು ನಾನು ಆಮೇಲೆ ಸೇರಿಸಿಕೊಂಡಿರಲೂಬಹುದು. ನಾವು ಒಂದು ಗೋಲಿನಿಂದ ಮುಂದಿದ್ದೆವು. ಬಸ್ಸಿನ ಹೊತ್ತಾಯಿತು. ರಾಮದುರ್ಗಕ್ಕೆ ಜಯವೆಂದು ಬರೆದು ಮುಗಿಸಿ ಸರ್ ಸೈಕಲ್ ಹತ್ತಿದರು.

ಅವರು ತಿರುಗಿ ಬರುವಷ್ಟರಲ್ಲಿ ಆಟ ಮುಗಿದಿತ್ತು.

"ಎಷ್ಟಾತ್ರೋ?"

ನಮ್ಮ ಗೋಲ್‌ಕೀಪರ್ ದಸ್ತಗೀರ ಚೆಂಡು ಎತ್ತಿಕೊಂಡು ಪಕ್ಕಕ್ಕೆ ಸರಿದ. ಬೈಲಹೊಂಗಲದ ಹುಡುಗನೊಬ್ಬ ಹೇಳಿದ: "ನಾವ್ ಗೆದ್ದೀವ್ರಿ ಸರ್. ನೀವು ಹೋದ್ರಿ, ನಿಮ್ಮವರೂ ಆಟ ಸಡ್ಲ ಬಿಟ್ರು."

ಸರ್ ಪತ್ರಿಕೆಗೆ ಫೋನ್ ಮಾಡಲು ಓಡಿದರು. ಲೈನ್ ಸಿಗಲಿಲ್ಲ.

ಮರುದಿನ ನಾವು ಗೆದ್ದ ಸುದ್ದಿ ಬಂತು. ಅವ್ವ ಸಿಹಿಗೆಂದು ಮಾದಲಿ ಮಾಡಿದಳು. ಸೋತಿದ್ದೇವೆಂದು ಎಷ್ಟು ಹೇಳಿದರೂ ಅಪ್ಪ ಒಪ್ಪಲಿಲ್ಲ. "ಪೇಪರ್‌ನ್ಯಾಗ ಬಂದೈತಲೇ, ನಿನಗೇನ್ ಗೊತ್ತು?" ಎಂದ.

ಸಂಜೆ ಪತ್ರಿಕೆಗೆ ತಿದ್ದುಪಡಿ ಬರೆಯುತ್ತಿದ್ದ ಸರ್ ಎದುರು ದಸ್ತಗೀರ ಬಂದು ನಿಂತ. "ಬಿಡ್ರಿ ಸರ್, ಊರೆಲ್ಲಾ ಖುಷಿಲೆ ಐತಿ. ಆಟ ಮುಗಿಯೂದ್ರಾಗ ಬರದ್ರಿ ಅಂತ ಗೊತ್ತಾದ್ರ ನಿಮ್ಮ ಕೆಲಸಾ ಹೊಕ್ಕೈತ್ರಿ."

"ಸೋತವರು ನೀವು, ಬರದಾಂವ ನಾನು," ಎಂದರು ಸರ್. "ನೀವು ಪ್ರಾಕ್ಟೀಸ್ ಮಾಡ್ರಿ. ನಂದು ನಾ ನೋಡ್ಕೊಂತೇನಿ."

ಎರಡು ಸಾಲಿನ ತಿದ್ದುಪಡಿ ಬಂತು. ಆಮೇಲೆ ಅವರ ವರದಿ ಬರುವುದು ನಿಂತೇಹೋಯಿತು. ಆಟವನ್ನು ಮಾತ್ರ ಕಲಿಸುತ್ತ ಉಳಿದರು, ಅದಕ್ಕೆ ಯಾರೂ ಸಂಬಳ ಕೊಡುತ್ತಿರಲಿಲ್ಲ.

ಈಗ ಸೀಟಿ ಊದುವ ಮೊದಲೇ ಫಲಿತಾಂಶ ಫೋನಿಗೆ ಬರುತ್ತದೆ. ದಸ್ತಗೀರ ಸವದತ್ತಿಯಲ್ಲಿ ಟೆಂಪೊ ಓಡಿಸುತ್ತಾನೆ. ಸಿಕ್ಕಾಗಲೆಲ್ಲ ಅದೇ ಜಗಳ. ಎರಡು-ಒಂದರಿಂದ ಸೋತೆವು ಎನ್ನುತ್ತೇನೆ ನಾನು. ಮೂರು-ಎರಡು ಎನ್ನುತ್ತಾನೆ ಅವನು. ಕಣ್ಣಾರೆ ಕಂಡವರ ಮಾತನ್ನೂ ಪರೀಕ್ಷಿಸಬೇಕೆಂದು ವಿಶ್ವವಿದ್ಯಾಲಯದಲ್ಲಿ ಓದಿದವನು ನಾನು. ನನ್ನ ಮಾತಿನ ಮೇಲೆ ನನಗೇ ಪೂರ್ತಿ ನಂಬಿಕೆಯಿಲ್ಲ. ತಿದ್ದುಪಡಿಯಲ್ಲಿ ಗೋಲಿನ ಲೆಕ್ಕ ಇತ್ತೋ ಇಲ್ಲವೋ, ಅದೂ ನೆನಪಿಲ್ಲ. ಕೇಳೋಣವೆಂದರೆ ಸರ್ ಇಲ್ಲ. ತಪ್ಪಿದ್ದರೆ ತಪ್ಪೆಂದು ಹೇಳಲು ನಮ್ಮಿಬ್ಬರಿಗೂ ಇದ್ದವರು ಅವರೊಬ್ಬರೇ.